ಈ ಜ್ವರಕ್ಕೆ ವಿಶ್ರಾಂತಿಯೇ ಮದ್ದು. ಆದರೆ ರಜೆ ಕೊಡೋರು ಯಾರು?

ಕಳೆದ ತಿಂಗಳು ಒಂದು ರಾತ್ರಿ ನಮ್ಮ ಬೀದಿಯ ಹುಡುಗನೊಬ್ಬ ವಾಟ್ಸ್ಆ್ಯಪ್‌ನಲ್ಲಿ ಲ್ಯಾಬ್ ರಿಪೋರ್ಟ್ ಕಳಿಸಿದ. ವಯಸ್ಸು 22. ಊಟ ತಲುಪಿಸುವ ಆ್ಯಪ್ ಒಂದಕ್ಕೆ ಬೈಕ್ ಓಡಿಸುತ್ತಾನೆ. ರಿಪೋರ್ಟ್ ಹಿಂದೆಯೇ ಒಂದು ವಾಯ್ಸ್ ನೋಟ್ ಬಂತು: "ಅಣ್ಣಾ, ಇದ್ಯಾವ ರೋಗ? ಹತ್ತು ದಿನದಿಂದ ಜ್ವರ, ಎಂಜಲು ನುಂಗೋಕೂ ಆಗ್ತಿಲ್ಲ. ಗೂಗಲ್ ಮಾಡಿದ್ರೆ 'ಕಿಸ್ಸಿಂಗ್ ಡಿಸೀಸ್' ಅಂತ ಬರ್ತಿದೆ. ಮನೇಲಿ ಹೇಗಣ್ಣಾ ಹೇಳೋದು?"

ರಿಪೋರ್ಟ್‌ನಲ್ಲಿ ಇದ್ದದ್ದು ಇನ್ಫೆಕ್ಷಿಯಸ್ ಮೊನೊನ್ಯೂಕ್ಲಿಯೋಸಿಸ್. ಆಡುಮಾತಲ್ಲಿ ಮೊನೊ. ಆ ಹೆಸರು ನನಗೆ ಹೊಸದಲ್ಲ. ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್‌ನಲ್ಲಿ ಇದೇ ಕಾಯಿಲೆ ನನ್ನನ್ನು ಆರು ವಾರ ಮಲಗಿಸಿತ್ತು. ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಯಾಕಂದ್ರೆ ಇದನ್ನು ಓದುತ್ತಿರುವ ಬಹುತೇಕರ ಮೈಯಲ್ಲಿ ಈ ವೈರಸ್ ಈಗಾಗಲೇ ಇದೆ. ಜೊತೆಗೆ, ಈ ಕಾಯಿಲೆಗೆ ಇರುವ ಮುಖ್ಯ ಚಿಕಿತ್ಸೆ ಯಾವ ಮೆಡಿಕಲ್ ಶಾಪ್‌ನಲ್ಲೂ ಸಿಗುವುದಿಲ್ಲ.

ಎಲ್ಲರ ಮೈಯಲ್ಲೂ ಇರುವ ವೈರಸ್

ಮೊನೊಗೆ ಮುಖ್ಯ ಕಾರಣ ಎಪ್‌ಸ್ಟೀನ್-ಬಾರ್ ವೈರಸ್, ಚಿಕ್ಕದಾಗಿ ಇಬಿವಿ. ಇದು ಹರ್ಪಿಸ್ ಕುಟುಂಬದ ವೈರಸ್. ಚಿಕನ್‌ಪಾಕ್ಸ್ ತರುವ ವೈರಸ್ ಕೂಡ ಇದರ ಸಂಬಂಧಿಯೇ. ಈ ಕುಟುಂಬದ ಗುಣ ಏನೆಂದರೆ, ಒಮ್ಮೆ ಒಳಗೆ ಬಂದರೆ ಜೀವನಪೂರ್ತಿ ಹೋಗುವುದಿಲ್ಲ. ಸುಮ್ಮನೆ ಮಲಗಿರುತ್ತೆ. ಜಗತ್ತಿನ ವಯಸ್ಕರಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಮಂದಿ ಇದನ್ನು ಹೊತ್ತು ತಿರುಗುತ್ತಿದ್ದಾರೆ.

ಹಾಗಾದರೆ ಎಲ್ಲರಿಗೂ ಯಾಕೆ ಕಾಯಿಲೆ ಬರಲ್ಲ? ಉತ್ತರ ಇರುವುದು ವಯಸ್ಸಿನಲ್ಲಿ. ಐದು ವರ್ಷದೊಳಗೆ ತಗುಲಿದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಅಥವಾ ಒಂದು ಸಣ್ಣ ನೆಗಡಿಯಂತೆ ಬಂದು ಹೋಗುತ್ತೆ. ಒಂದೇ ಕೋಣೆಯಲ್ಲಿ ಹತ್ತು ಜನ ಬದುಕುವ ಮನೆ, ಒಂದೇ ಲೋಟ, ಅಜ್ಜಿ ಅಗಿದು ತಿನ್ನಿಸಿದ ತುತ್ತು... ಇಂಥ ಕಡೆ ಬೆಳೆದ ಮಕ್ಕಳಿಗೆ ಬೇಗ ತಗುಲುತ್ತದೆ. ಬೇರೆ ಬೇರೆ ಕೋಣೆ, ಬೇರೆ ಬೇರೆ ಬಾಟಲಿ ಇರುವ ಮನೆಯ ಮಕ್ಕಳಿಗೆ ಇದು ತಡವಾಗಿ, ಕಾಲೇಜು ವಯಸ್ಸಿನಲ್ಲಿ ಎದುರಾಗುತ್ತದೆ. ಹದಿಹರೆಯದಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಮೊದಲ ಸಲ ತಗುಲಿದವರಲ್ಲಿ ಕನಿಷ್ಠ ನಾಲ್ವರಲ್ಲಿ ಒಬ್ಬರಿಗೆ ಮೊನೊ ಬರುತ್ತದೆ.

ಹಾಗಂತ ಇದು ಶ್ರೀಮಂತರ ಕಾಯಿಲೆ ಅಂದುಕೊಳ್ಳಬೇಡಿ. ಬಾಲ್ಯದಲ್ಲಿ ತಪ್ಪಿಸಿಕೊಂಡವರು ಎಲ್ಲ ಕಡೆ ಇರುತ್ತಾರೆ. ಅವರೆಲ್ಲ ಹಾಸ್ಟೆಲ್, ಪಿಜಿ, ಟೀ ಅಂಗಡಿ, ಶೇರಿಂಗ್ ರೂಮ್‌ಗಳಲ್ಲಿ ಒಟ್ಟು ಸೇರುತ್ತಾರೆ.

ಎಂಜಲಿನ ಭಯ

ವೈರಸ್ ಹರಡುವುದು ಮುಖ್ಯವಾಗಿ ಎಂಜಲಿನಿಂದ. ಮುತ್ತು ಒಂದು ದಾರಿ ಅಷ್ಟೇ. ಒಂದೇ ಬಾಟಲಿಯ ನೀರು, ಹಂಚಿಕೊಂಡ ಸಿಗರೇಟು, ಬೈ-ಟು ಕಾಫಿಯಲ್ಲಿ ಕೈ ಬದಲಾಗುವ ಲೋಟ, ಇವೂ ದಾರಿಗಳೇ. ವೈರಸ್ ಒಳಹೊಕ್ಕ ಮೇಲೆ ಕಾಯಿಲೆ ಕಾಣಿಸಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ 'ಯಾರಿಂದ ಬಂತು' ಎಂದು ಹುಡುಕುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಮೈಯಲ್ಲಿ ವೈರಸ್ ಇರುವ ಯಾರೇ ಆಗಲಿ, ಏನೂ ಲಕ್ಷಣ ಇಲ್ಲದೆಯೇ ಆಗಾಗ ಅದನ್ನು ಎಂಜಲಲ್ಲಿ ಹೊರಬಿಡುತ್ತಿರುತ್ತಾರೆ.

'ಕಿಸ್ಸಿಂಗ್ ಡಿಸೀಸ್' ಎಂಬ ಹೆಸರು ಅಮೆರಿಕದ ಕ್ಯಾಂಪಸ್‌ಗಳಲ್ಲಿ ತಮಾಷೆ ಆಗಿರಬಹುದು. ನಮ್ಮಲ್ಲಿ ಅದು ತಮಾಷೆ ಅಲ್ಲ. ಒಬ್ಬ ಹುಡುಗಿಯ ರಿಪೋರ್ಟ್ ಮೇಲೆ ಈ ಹೆಸರು ಬಿದ್ದರೆ ಮನೆಯಲ್ಲಿ ನಡೆಯುವ ವಿಚಾರಣೆ ಎಂಥದ್ದು ಅಂತ ಊಹಿಸಿಕೊಳ್ಳಿ. ಎಂಜಲು ಎಂಬ ಒಂದು ಪದದ ಸುತ್ತ ಶತಮಾನಗಳ ಮಡಿ-ಮೈಲಿಗೆ ಕಟ್ಟಿಕೊಂಡ ಸಮಾಜ ನಮ್ಮದು. ಯಾರ ಲೋಟ ಬೇರೆ, ಯಾರ ತಟ್ಟೆ ಬೇರೆ ಅಂತ ತೀರ್ಮಾನಿಸಿದವರ ಮೈಯಲ್ಲೂ ಈ ವೈರಸ್ ಇದೆ. ರೋಗಿಯನ್ನು ಪ್ರತ್ಯೇಕ ಇಡಬೇಕಾದ ಅಗತ್ಯವೂ ಇಲ್ಲ. ಲೋಟ-ಚಮಚ ಹಂಚಿಕೊಳ್ಳದಿದ್ದರೆ ಸಾಕು.

ಆ ಹುಡುಗನಿಗೆ ನಾನು ಹೇಳಿದ್ದು: "ಮನೇಲಿ 'ಗಂಟಲಿನ ವೈರಲ್ ಜ್ವರ, ಗಡ್ಡೆ ಊದಿದೆ' ಅಂತ ಹೇಳಪ್ಪ. ಅದು ಸುಳ್ಳೇನೂ ಅಲ್ಲ." 1889ರಲ್ಲಿ ಜರ್ಮನಿಯ ವೈದ್ಯ ಎಮಿಲ್ ಫೈಫರ್ ಇದನ್ನು ವಿವರಿಸಿದಾಗ ಇಟ್ಟ ಹೆಸರೂ 'ಗ್ರಂಥಿ ಜ್ವರ' ಎಂದೇ.

ಒಳಗೆ ನಡೆಯುವುದೇನು?

ಈ ವೈರಸ್ಸನ್ನು ಕಂಡುಹಿಡಿದ ಕತೆ ಜ್ವರದಿಂದಲ್ಲ, ಕ್ಯಾನ್ಸರ್‌ನಿಂದ ಶುರುವಾಗುತ್ತದೆ. ಉಗಾಂಡಾದಲ್ಲಿ ಕೆಲಸ ಮಾಡುತ್ತಿದ್ದ ಸರ್ಜನ್ ಡೆನಿಸ್ ಬರ್ಕಿಟ್, ಅಲ್ಲಿನ ಮಕ್ಕಳ ದವಡೆಯಲ್ಲಿ ಕಾಣುತ್ತಿದ್ದ ವಿಚಿತ್ರ ಗೆಡ್ಡೆಗಳ ಬಗ್ಗೆ 1961ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಉಪನ್ಯಾಸ ಕೊಟ್ಟರು. ಕೇಳುತ್ತಾ ಕೂತಿದ್ದ ಆಂಟನಿ ಎಪ್‌ಸ್ಟೀನ್‌ಗೆ ಇದರ ಹಿಂದೆ ವೈರಸ್ ಇರಬಹುದು ಅನ್ನಿಸಿತು. ಉಗಾಂಡಾದಿಂದ ವಿಮಾನದಲ್ಲಿ ಗೆಡ್ಡೆಯ ತುಣುಕುಗಳನ್ನು ತರಿಸಿಕೊಂಡರು. 1964ರಲ್ಲಿ ಎಪ್‌ಸ್ಟೀನ್, ಯುವೋನ್ ಬಾರ್ ಮತ್ತು ಬರ್ಟ್ ಅಚಾಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಹೊಸ ವೈರಸ್ ಕಂಡಿದ್ದನ್ನು ಪ್ರಕಟಿಸಿದರು. ಮನುಷ್ಯರಲ್ಲಿ ಕ್ಯಾನ್ಸರ್‌ಗೆ ಸಂಬಂಧಿಸಿದ ಮೊದಲ ವೈರಸ್ ಅದು.

ಮೊನೊ ಜೊತೆಗಿನ ನಂಟು ಸಿಕ್ಕಿದ್ದು ಆಕಸ್ಮಿಕವಾಗಿ. ಫಿಲಡೆಲ್ಫಿಯಾದಲ್ಲಿ ವರ್ನರ್ ಮತ್ತು ಗರ್ಟ್ರೂಡ್ ಹೆನ್ಲೆ ದಂಪತಿಯ ಲ್ಯಾಬ್‌ನಲ್ಲಿ ಒಬ್ಬ ತಂತ್ರಜ್ಞೆ ಇದ್ದರು. ಆಕೆಯ ರಕ್ತದಲ್ಲಿ ಇಬಿವಿ ವಿರುದ್ಧದ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು ಇರಲಿಲ್ಲ. ಆಕೆಗೆ ಮೊನೊ ಬಂತು. ಗುಣವಾಗಿ ಬಂದಾಗ ಆ್ಯಂಟಿಬಾಡಿ ಇತ್ತು. 1968ರಲ್ಲಿ ಹೆನ್ಲೆ ದಂಪತಿ ಇದನ್ನು ಪ್ರಕಟಿಸಿದರು.

ವೈರಸ್ ಗಂಟಲಿನಿಂದ ಒಳಹೊಕ್ಕು ರಕ್ತದ ಬಿ ಜೀವಕೋಶಗಳಲ್ಲಿ ಮನೆ ಮಾಡುತ್ತದೆ. ಅವನ್ನು ಕೊಲ್ಲಲು ದೇಹ ಟಿ ಜೀವಕೋಶಗಳ ದೊಡ್ಡ ಪಡೆಯನ್ನೇ ಎಬ್ಬಿಸುತ್ತದೆ. ರಕ್ತಪರೀಕ್ಷೆಯಲ್ಲಿ 'ಎಟಿಪಿಕಲ್ ಲಿಂಫೋಸೈಟ್ಸ್' ಅಂತ ಬರುವ ವಿಚಿತ್ರ ಆಕಾರದ ಕಣಗಳು ಬಹುಪಾಲು ಈ ಟಿ ಜೀವಕೋಶಗಳೇ. ಸಾಫ್ಟ್‌ವೇರ್‌ನಲ್ಲಿ ಎರರ್ ಕಾಣಿಸೋದು ಒಂದು ಕಡೆ, ಬಗ್ ಇರೋದು ಇನ್ನೊಂದು ಕಡೆ ಅಲ್ವಾ, ಹಾಗೆಯೇ ಇದು. ಜ್ವರ, ಊದಿದ ಗಡ್ಡೆ, ಸುಸ್ತು, ಇವೆಲ್ಲ ಬಹುಮಟ್ಟಿಗೆ ನಮ್ಮದೇ ಪಡೆಯ ಗಲಾಟೆ. ಆ್ಯಂಟಿಬಯಾಟಿಕ್ ಇಲ್ಲಿ ಏನೂ ಮಾಡಲಾರದು. ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು, ವೈರಸ್ಸನ್ನಲ್ಲ.

ನನಗೆ ಕೊಟ್ಟ ಮಾತ್ರೆ

ಆದರೆ ನನಗೆ ಮೊದಲು ಸಿಕ್ಕಿದ್ದು ಅದೇ. ಹಾಸ್ಟೆಲ್ ಪಕ್ಕದ ಕ್ಲಿನಿಕ್‌ನಲ್ಲಿ ಟಾನ್ಸಿಲ್ ಮೇಲೆ ಬಿಳಿ ಪದರ ನೋಡಿ ಅಮಾಕ್ಸಿಸಿಲಿನ್ ಬರೆದರು. ನಾಲ್ಕನೇ ದಿನ ಮೈಯೆಲ್ಲ ಕೆಂಪು ದದ್ದು. ರೂಮ್‌ಮೇಟ್ "ಮಗಾ, ದಡಾರ ಕಣೋ" ಅಂದ. ಎರಡನೇ ಕ್ಲಿನಿಕ್‌ನಲ್ಲಿ ವಿಡಾಲ್ ಟೆಸ್ಟ್ ಮಾಡಿಸಿ ಟೈಫಾಯ್ಡ್ ಅಂದರು, ಡ್ರಿಪ್ ಹಾಕಿದರು. ಮೂರನೆಯವರು, ಸರ್ಕಾರಿ ಆಸ್ಪತ್ರೆಯ ಒಬ್ಬ ಹಿರಿಯ ಡಾಕ್ಟರಮ್ಮ, ಕತ್ತಿನ ಹಿಂಭಾಗ ಮುಟ್ಟಿ ನೋಡಿದರು. ಮಲಗಿಸಿ ಎಡಗಡೆ ಪಕ್ಕೆಲುಬಿನ ಕೆಳಗೆ ಮೆಲ್ಲಗೆ ಒತ್ತಿದರು. "ಮಾತ್ರೆ ಎಲ್ಲ ನಿಲ್ಸಪ್ಪ. ಊರಿಗೆ ಹೋಗಿ ಮಲಕ್ಕೋ. ಒಂದು ತಿಂಗಳು ಕ್ರಿಕೆಟ್ ಗಿಕೆಟ್ ಏನೂ ಬೇಡ" ಅಂದರು.

ನನಗೆ ಆಗಿದ್ದು ಅಪರೂಪವೇನಲ್ಲ. ಮೊನೊ ಇದ್ದಾಗ ಅಮಾಕ್ಸಿಸಿಲಿನ್ ಅಥವಾ ಆಂಪಿಸಿಲಿನ್ ಕೊಟ್ಟರೆ ಹಲವರಿಗೆ ದದ್ದು ಏಳುತ್ತದೆ. ಎಷ್ಟೋ ಸಲ ಅದು ನಿಜವಾದ ಪೆನಿಸಿಲಿನ್ ಅಲರ್ಜಿ ಆಗಿರುವುದಿಲ್ಲ. ಆದರೆ ಫೈಲ್‌ನಲ್ಲಿ 'ಅಲರ್ಜಿ' ಎಂದು ದಾಖಲಾಗಿ, ಮುಂದೆ ಬೇಕಾದಾಗ ಒಳ್ಳೆಯ ಔಷಧಿಯೊಂದು ಕೈತಪ್ಪುತ್ತದೆ. ದದ್ದು ಯಾಕೆ ಬಂತು ಎಂದು ವೈದ್ಯರಿಂದಲೇ ತೀರ್ಮಾನ ಮಾಡಿಸಿಕೊಳ್ಳಿ. ಇನ್ನು ವಿಡಾಲ್: ಟೈಫಾಯ್ಡ್ ಸಾಮಾನ್ಯವಾಗಿರುವ ನಮ್ಮಂಥ ದೇಶದಲ್ಲಿ ಒಂದೇ ಒಂದು ವಿಡಾಲ್ ಫಲಿತಾಂಶವನ್ನು ನಂಬಿ ಟೈಫಾಯ್ಡ್ ಎನ್ನಲಾಗದು. ಮೊನೊದಲ್ಲಿ ಪ್ಲೇಟ್‌ಲೆಟ್ ಕೂಡ ಸ್ವಲ್ಪ ಇಳಿಯಬಹುದು, ಆಗ ಡೆಂಗ್ಯೂ ಅನುಮಾನವೂ ಬರುತ್ತದೆ.

ಹಾಗಾದರೆ ಯಾವಾಗ ಮೊನೊ ಎಂದು ಯೋಚಿಸಬೇಕು? ವಾರ ದಾಟಿದ ಜ್ವರ, ತೀವ್ರ ಗಂಟಲು ನೋವು, ಕತ್ತಿನಲ್ಲಿ, ಅದರಲ್ಲೂ ಹಿಂಭಾಗದಲ್ಲಿ ಗಡ್ಡೆ, ಎದ್ದು ನಿಲ್ಲಲಾಗದ ಸುಸ್ತು, ಇವು ಒಟ್ಟಿಗೆ ಇದ್ದಾಗ. ಸಿಬಿಸಿಯಲ್ಲಿ ಲಿಂಫೋಸೈಟ್ ಹೆಚ್ಚಿರುತ್ತದೆ. ಮೊನೊಸ್ಪಾಟ್ ಎಂಬ ಪರೀಕ್ಷೆ ಇದೆ, ಆದರೆ ಮೊದಲ ವಾರದಲ್ಲಿ ಅದು ನೆಗೆಟಿವ್ ಬರಬಹುದು. ಖಚಿತವಾಗಬೇಕಾದರೆ ಇಬಿವಿ ಆ್ಯಂಟಿಬಾಡಿ ಪರೀಕ್ಷೆ. ಒಂದು ಮಾತು ನೆನಪಿರಲಿ: ಎಚ್ಐವಿ ಸೋಂಕಿನ ಮೊದಲ ವಾರಗಳೂ ಹೀಗೆಯೇ ಕಾಣಿಸಬಹುದು. ಡಾಕ್ಟರ್ ಆ ಪರೀಕ್ಷೆ ಬರೆದರೆ ಅದು ಅವಮಾನವಲ್ಲ, ಸರಿಯಾದ ವೈದ್ಯಕೀಯ.

ತೊಡಕುಗಳು: ಯಾವಾಗ ಓಡಬೇಕು

ಬಹುಪಾಲು ಜನರಿಗೆ ಎರಡರಿಂದ ನಾಲ್ಕು ವಾರದಲ್ಲಿ ವಾಸಿಯಾಗುತ್ತದೆ. ಆದರೆ ಕೆಲವು ತೊಡಕುಗಳು ಗೊತ್ತಿರಲೇಬೇಕು.

ಮೊದಲನೆಯದು ಗುಲ್ಮ, ಅಂದರೆ ಸ್ಪ್ಲೀನ್. ಎಡಪಕ್ಕೆಯ ಕೆಳಗಿರುವ ಈ ಅಂಗ ಮೊನೊ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಊದಿಕೊಳ್ಳುತ್ತದೆ. ಊದಿದ ಗುಲ್ಮ ಪೆಟ್ಟು ಬಿದ್ದರೆ, ಕೆಲವೊಮ್ಮೆ ಪೆಟ್ಟು ಬೀಳದೆಯೂ ಒಡೆಯಬಹುದು. ಇದು ಶೇಕಡಾ ಒಂದಕ್ಕಿಂತ ಕಡಿಮೆ ಜನರಲ್ಲಿ ಆಗುವ ಅಪರೂಪದ ಘಟನೆ, ಆದರೆ ಒಡೆದರೆ ಒಳಗೇ ರಕ್ತ ಸುರಿದು ಜೀವಕ್ಕೆ ಕುತ್ತು. ಹೆಚ್ಚಿನವು ಮೊದಲ ಮೂರು ವಾರಗಳಲ್ಲಿ ಆಗುತ್ತವೆ. ಅದಕ್ಕೇ ಕನಿಷ್ಠ ಮೂರು-ನಾಲ್ಕು ವಾರ ಕಬಡ್ಡಿ, ಫುಟ್‌ಬಾಲ್, ಜಿಮ್, ಭಾರ ಎತ್ತುವುದು ಬೇಡ ಅನ್ನುವುದು. ಹೊಟ್ಟೆಯ ಎಡ ಮೇಲ್ಭಾಗದಲ್ಲಿ ಅಥವಾ ಎಡಭುಜದಲ್ಲಿ ದಿಢೀರ್ ನೋವು, ತಲೆಸುತ್ತು ಬಂದರೆ ಒಂದು ನಿಮಿಷ ತಡ ಮಾಡದೆ ಎಮರ್ಜೆನ್ಸಿಗೆ ಹೋಗಿ.

ಎರಡು, ಉಸಿರಾಟ. ಟಾನ್ಸಿಲ್ ವಿಪರೀತ ಊದಿ ಉಸಿರಿನ ದಾರಿಯನ್ನೇ ಮುಚ್ಚಬಹುದು. ಉಸಿರಾಡುವಾಗ ಸದ್ದು ಬರುತ್ತಿದ್ದರೆ, ನೀರೂ ನುಂಗಲಾಗದಿದ್ದರೆ ಆಸ್ಪತ್ರೆಯೇ ಸರಿ. ಸ್ಟಿರಾಯ್ಡ್ ಕೊಡಬೇಕಾಗಿ ಬರುವುದು ಇಂಥ ಸಂದರ್ಭಗಳಲ್ಲಿ. ಬೇಗ ವಾಸಿಯಾಗಲಿ ಅಂತ ಎಲ್ಲರಿಗೂ ಚುಚ್ಚುವ ಇಂಜೆಕ್ಷನ್ ಅದಲ್ಲ.

ಮೂರು, ಲಿವರ್. ಲಿವರ್ ಎನ್‌ಜೈಮ್‌ಗಳು ಏರುವುದು ಸಾಮಾನ್ಯ, ಕೆಲವರಿಗೆ ಕಾಮಾಲೆಯೂ ಆಗುತ್ತದೆ. ಪೂರ್ತಿ ಸರಿಹೋಗುವ ತನಕ ಎಣ್ಣೆ ಪಾರ್ಟಿ ಬಂದ್.

ಇನ್ನುಳಿದವು ಅಪರೂಪ: ರಕ್ತದ ಕೆಂಪು ಕಣಗಳು ಒಡೆದು ರಕ್ತಹೀನತೆ, ಪ್ಲೇಟ್‌ಲೆಟ್ ಅಪಾಯದ ಮಟ್ಟಕ್ಕೆ ಇಳಿಯುವುದು, ಮುಖದ ಒಂದು ಬದಿ ಸೊಟ್ಟಗಾಗುವ ಬೆಲ್ಸ್ ಪಾಲ್ಸಿ, ಮಿದುಳಿನ ಉರಿಯೂತ, ಗಿಲ್ಯಾನ್-ಬಾರೆ ಸಿಂಡ್ರೋಮ್. ವಿಪರೀತ ತಲೆನೋವು, ಗೊಂದಲದ ಮಾತು, ಕೈಕಾಲು ಬಲ ಕಳೆದುಕೊಳ್ಳುವುದು ಕಂಡರೆ ಕಾಯಬೇಡಿ.

ಮನೆಯಲ್ಲಿ ಮಾಡುವುದು ಇಷ್ಟೇ: ನೀರು, ಗಂಜಿ, ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸುವುದು, ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಹದಿಹರೆಯದವರಿಗೆ ಆಸ್ಪಿರಿನ್ ಬೇಡ. ಆಮೇಲೆ ವಿಶ್ರಾಂತಿ.

ಸುಸ್ತು ಎಂದರೆ ಸೋಮಾರಿತನವಲ್ಲ

ಜ್ವರ ಹೋದ ಮೇಲೂ ನನಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. "ನಾಟಕ ಮಾಡ್ತಿದಾನೆ" ಎಂದು ಲೆಕ್ಚರರ್ ಒಬ್ಬರು ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಟೆನಿಸ್ ನೋಡುವವರಿಗೆ ರಾಬಿನ್ ಸೊಡರ್ಲಿಂಗ್ ನೆನಪಿರಬಹುದು. 2009ರ ಫ್ರೆಂಚ್ ಓಪನ್‌ನಲ್ಲಿ ನಡಾಲ್‌ಗೆ ಅಲ್ಲಿನ ಮೊಟ್ಟಮೊದಲ ಸೋಲು ಕೊಟ್ಟ ಸ್ವೀಡನ್ ಆಟಗಾರ. ಒಂದು ಹಂತದಲ್ಲಿ ವಿಶ್ವದ ನಾಲ್ಕನೇ ರ‍್ಯಾಂಕ್. 2011ರ ಜುಲೈನಲ್ಲಿ ತನ್ನ ದೇಶದ ಬೋಸ್ಟಾಡ್‌ನಲ್ಲಿ ಟೂರ್ನಿ ಗೆದ್ದರು. ಅದೇ ಅವರ ಕೊನೆಯ ಟೂರ್ನಿ ಆಯಿತು. ಮೊನೊದಿಂದ ಚೇತರಿಸಿಕೊಳ್ಳಲಾಗದೆ 2015ರಲ್ಲಿ ನಿವೃತ್ತಿ ಘೋಷಿಸಿದರು. ಆ ದಿನಗಳಲ್ಲಿ ಆತಂಕ, ಪ್ಯಾನಿಕ್ ಕೂಡ ಕಾಡಿದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಗಾಗಿ ಎಲ್ಲವನ್ನೂ ವೈರಸ್ ತಲೆಗೆ ಕಟ್ಟಲಾಗದು. ಇನ್ನೊಂದು ಕಡೆ, 2008ರಲ್ಲಿ ಇದೇ ಕಾಯಿಲೆ ಬಂದ ರೋಜರ್ ಫೆಡರರ್ ಅದೇ ವರ್ಷ ಯುಎಸ್ ಓಪನ್ ಗೆದ್ದರು. ಒಂದೇ ವೈರಸ್, ಎರಡು ದೇಹ, ಎರಡು ದಾರಿ.

ಆಸ್ಟ್ರೇಲಿಯಾದ ಡಬ್ಬೋ ಎಂಬ ಊರಿನ ಸುತ್ತಮುತ್ತ ಇಬಿವಿ ಮತ್ತು ಇನ್ನೆರಡು ಸೋಂಕು ಬಂದ 253 ಜನರನ್ನು ಸಂಶೋಧಕರು ಹಿಂಬಾಲಿಸಿ ನೋಡಿದರು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಆರು ತಿಂಗಳ ನಂತರವೂ ಶೇಕಡಾ 12ರಷ್ಟು ಮಂದಿ ತೀವ್ರ ಸುಸ್ತಿನಲ್ಲಿದ್ದರು. ಯಾರಿಗೆ ಹೀಗಾಗುತ್ತೆ ಎಂಬುದನ್ನು ಮುಖ್ಯವಾಗಿ ಸೂಚಿಸಿದ್ದು ಮೊದಲ ಕಾಯಿಲೆ ಎಷ್ಟು ಜೋರಾಗಿತ್ತು ಎಂಬುದೇ ಹೊರತು ಅವರ ಮನಸ್ಥಿತಿಯಲ್ಲ.

ದೂರದ ಅಪಾಯ

2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಮಂದಿಯ ಇಪ್ಪತ್ತು ವರ್ಷಗಳ ದಾಖಲೆ ನೋಡಿದಾಗ, ಇಬಿವಿ ತಗುಲಿದ ನಂತರ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸಾಧ್ಯತೆ 32 ಪಟ್ಟು ಏರುವುದು ಕಂಡಿತು. ಕೆಲವು ಕ್ಯಾನ್ಸರ್‌ಗಳಿಗೂ ನಂಟಿದೆ: ಬರ್ಕಿಟ್ ಲಿಂಫೋಮಾ, ಹಾಡ್ಜ್‌ಕಿನ್ ಲಿಂಫೋಮಾದ ಒಂದು ಪಾಲು, ಮತ್ತು ಮೂಗಿನ ಹಿಂಭಾಗದ ಕ್ಯಾನ್ಸರ್. ಈ ಕೊನೆಯದು ದಕ್ಷಿಣ ಚೀನಾದಲ್ಲಿ ಹೆಚ್ಚು, ನಮ್ಮ ದೇಶದಲ್ಲಿ ನಾಗಾಲ್ಯಾಂಡ್‌ನಲ್ಲಿ ಹೆಚ್ಚು.

ಗಾಬರಿ ಬೇಡ. ಜಗತ್ತಿನ 90ಕ್ಕೂ ಹೆಚ್ಚು ಶೇಕಡಾ ಜನರಿಗೆ ಇರುವ ವೈರಸ್ಸಿನಿಂದ ತೀರಾ ಕೆಲವರಿಗೆ ಮಾತ್ರ ಇಂಥವು ಬರುತ್ತವೆ. ವಂಶವಾಹಿ, ಮಲೇರಿಯಾದಂಥ ಬೇರೆ ಕಾರಣಗಳೂ ಸೇರಬೇಕು. ಆದರೆ ಲಸಿಕೆ ಯಾಕೆ ಮುಖ್ಯ ಎಂಬುದು ಇದರಿಂದ ಗೊತ್ತಾಗುತ್ತದೆ. ಹಲವು ಲಸಿಕೆಗಳು ಪ್ರಯೋಗದ ಹಂತದಲ್ಲಿವೆ. ಕಂಡುಹಿಡಿದ ಎಪ್‌ಸ್ಟೀನ್ 102 ವರ್ಷ ಬದುಕಿ 2024ರಲ್ಲಿ ತೀರಿಕೊಂಡರು, ಲಸಿಕೆ ನೋಡದೆ.

ರಜೆ ಯಾರಿಗೆ?

ಈಗ ನಮ್ಮ ಬೀದಿಯ ಹುಡುಗನ ವಿಷಯಕ್ಕೆ ಬರೋಣ. ಮೂರು ವಾರ ಬೈಕ್ ಮುಟ್ಟಬೇಡ ಎಂದು ಡಾಕ್ಟರ್ ಅವನಿಗೂ ಹೇಳಿದ್ದರು. ಎಂಟನೇ ದಿನ ಅವನು ಬ್ಯಾಗ್ ಹಾಕಿಕೊಂಡು ಹೋಗುವುದನ್ನು ನೋಡಿದೆ. ಬೈದೆ. "ಅಣ್ಣಾ, ಬೈಕ್ ಇಎಂಐ ಹದಿನೈದನೇ ತಾರೀಕು. ಲಾಗಿನ್ ಆಗ್ದೇ ಇದ್ರೆ ಇನ್ಸೆಂಟಿವ್ ಹೋಗುತ್ತೆ. ಸ್ಪ್ಲೀನ್‌ಗೆ ಹೇಳ್ಬೇಕು ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಂತ" ಎಂದು ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ರಸ್ತೆಯ ಹಂಪ್, ಗುಂಡಿ, ಒಂದು ಸಣ್ಣ ಸ್ಕಿಡ್... ಅವನ ಎಡಪಕ್ಕೆ ಬಡಿಯಲು ಅಷ್ಟು ಸಾಕು.

ಇದೇ ಹುಡುಗ ಇಎಸ್ಐ ಇರುವ ಫ್ಯಾಕ್ಟರಿಯಲ್ಲಿ, 21,000 ರೂಪಾಯಿ ಸಂಬಳದ ಮಿತಿಯೊಳಗೆ ಕೆಲಸಕ್ಕಿದ್ದಿದ್ದರೆ, ಅರ್ಹತೆಯ ಷರತ್ತು ಪೂರೈಸಿದ್ದರೆ, ಕಾಯಿಲೆಯ ದಿನಗಳಿಗೆ ವೇತನದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತಿತ್ತು. ಆ ಹಕ್ಕು ಯಾರೂ ದಾನ ಕೊಟ್ಟಿದ್ದಲ್ಲ, ಕಾರ್ಮಿಕರು ಹೋರಾಡಿ ಪಡೆದದ್ದು. ಆ್ಯಪ್ ಅವನನ್ನು 'ಪಾರ್ಟ್‌ನರ್' ಅನ್ನುತ್ತದೆ, ಕಾರ್ಮಿಕ ಅನ್ನುವುದಿಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿದೆ. ಕಲ್ಯಾಣ ಮಂಡಳಿ, ಕಲ್ಯಾಣ ನಿಧಿ, ಕಂಪನಿಗಳಿಂದ ಶುಲ್ಕ, ಇವೆಲ್ಲ ಅದರಲ್ಲಿವೆ. ಒಳ್ಳೆಯ ಆರಂಭ. ಆ ನಿಧಿಯಿಂದ ಅಪಘಾತಕ್ಕೆ, ಸಾವಿಗೆ ಪರಿಹಾರ ಕೇಳುವಷ್ಟೇ ಗಟ್ಟಿಯಾಗಿ ಕಾಯಿಲೆಯ ದಿನದ ದುಡ್ಡನ್ನೂ ನಾವು ಕೇಳಬೇಕು. ಕಾಯಿಲೆ ಬಿದ್ದಾಗ ಐಡಿ ಬ್ಲಾಕ್ ಆಗಬಾರದು ಎಂದು ಕೇಳಬೇಕು. ಕಾಲೇಜುಗಳಲ್ಲಿ ಹಾಜರಾತಿ ಕೊರತೆ ಎಂದು ಪರೀಕ್ಷೆ ತಪ್ಪಿಸುವ ಮೊದಲು ವೈದ್ಯಕೀಯ ಸರ್ಟಿಫಿಕೇಟನ್ನು ನಂಬಬೇಕು ಎಂದು ಕೇಳಬೇಕು.

ನನಗೆ ಆರು ವಾರ ಮಲಗಲು ಊರಿನಲ್ಲಿ ಮನೆ ಇತ್ತು. ಗಂಜಿ ಕಾಯಿಸಿ ಕೊಡಲು ಅಮ್ಮ ಇದ್ದರು. ಒಂದು ಸೆಮಿಸ್ಟರ್ ಹೋಯಿತು, ಅಷ್ಟೇ. ನಾನು ಅವನಿಗಿಂತ ಗಟ್ಟಿಯಾಗಿದ್ದೆ ಅಂತಲ್ಲ, ನನಗೆ ಮಲಗಲು ಅವಕಾಶವಿತ್ತು.

ಅವನು ಈಗ ಹುಷಾರಾಗಿದ್ದಾನೆ. ಗಂಟಲು ನೋವಿಲ್ಲ, ಗಡ್ಡೆ ಇಳಿದಿದೆ. ನಿನ್ನೆ ಗೇಟ್ ಹತ್ತಿರ ಸಿಕ್ಕಾಗ "ಇನ್ನೂ ಸುಸ್ತಿದೆ ಅಣ್ಣಾ, ಆದ್ರೆ ಓಡಿಸ್ತಿದೀನಿ" ಅಂದ. ಈ ಸಲ ಏನೂ ಆಗಲಿಲ್ಲ.